ಹೊಲದ ಅಂಚಿನ ಸದ್ದು

ಆಗಮನ ಕಾಲದ ಮೊದಲ ಭಾನುವಾರದ ಹಿಂದಿನ ಸಂಜೆ. ಕನಕಪುರದ ಕಡೆ ಕಾಡಿಗೆ ಹತ್ತಿರದ ಒಂದು ಹಳ್ಳಿ. ರಾಗಿ ಅರ್ಧ ಕುಯ್ದಾಗಿದೆ, ಇನ್ನರ್ಧ ಹೊಲದಲ್ಲೇ ನಿಂತಿದೆ. ಜಗಲಿಯ ಮೇಲೆ ಕೂತಿರುವವರು ಇಬ್ಬರು. ಒಬ್ಬರು ಊರಿನ ಚರ್ಚಿನಲ್ಲಿ ಬಹಳ ವರ್ಷ ಉಪದೇಶಿಯಾಗಿದ್ದು ಈಗ ವಯಸ್ಸಾಗಿ ಮನೆಯಲ್ಲಿರುವವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ನರ್ಸ್.

ನರ್ಸ್: ನಾಳೆ ಪೂಜೇಲಿ ಓದೋದು ಎಚ್ಚರವಾಗಿರಿ ಅನ್ನೋ ಭಾಗಾನೇ ಅಲ್ವಾ ಚಿಕ್ಕಪ್ಪ?

ಉಪದೇಶಿ: ಹೌದಮ್ಮ. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಓದೋ ಪುಟ ಬೇರೆ, ಮಾತು ಅದೇ. ಯಾಕೆ, ಕೇಳಿ ಕೇಳಿ ಸಾಕಾಯ್ತಾ?

ನರ್ಸ್: ಸಾಕಾಗಿದ್ದಲ್ಲ, ಈ ಸಲ ಕೇಳೋಕೆ ಭಯ ಆಗ್ತಿದೆ. ತಿಂಗಳಲ್ಲಿ ಎರಡು ವಾರ ರಾತ್ರಿಯೆಲ್ಲ ಎಚ್ಚರವಾಗಿರೋದೇ ನನ್ನ ಕೆಲಸ. ಸಂಬಳ ಕೊಡೋದೇ ಅದಕ್ಕೆ. ಆದ್ರೂ ಹೋದ ಮಂಗಳವಾರ ನಾನು ನಿದ್ದೆ ಮಾಡ್ತಿದ್ದೆ ಅನ್ಸುತ್ತೆ. ಕಣ್ಣು ತೆರೆದುಕೊಂಡೇ.

ಉಪದೇಶಿ: ಏನಾಯ್ತು ಹೇಳು.

ನರ್ಸ್: ನಾಲ್ಕನೇ ಬೆಡ್‌ನಲ್ಲಿ ಒಬ್ಬ ಹುಡುಗ ಇದಾನೆ. ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟು. ಅವನ ತಾಯಿ ಐಸಿಯು ಬಾಗಿಲ ಹೊರಗೆ ಚಾಪೆ ಹಾಕ್ಕೊಂಡು ಇರ್ತಾರೆ. ರಾತ್ರಿ ಎರಡೂವರೆ ಇರ್ಬೇಕು, ಬಾಗಿಲು ಸ್ವಲ್ಪ ಸರಿಸಿ ಕೇಳಿದ್ರು, ಮಗ ಕಣ್ಣು ಬಿಟ್ನಾ ಅಂತ. ಆ ರಾತ್ರಿ ಅದು ನಾಲ್ಕನೇ ಸಲ. ನಾನು ಅಂದೆ, ‘ನೀವು ಕೇಳಿದ ತಕ್ಷಣ ಎದ್ದು ಕೂತ್ಬಿಡ್ತಾನಾ? ಸುಮ್ನೆ ಹೋಗಿ ಮಲ್ಕೊಳಿ.’ ಅವರು ಏನೂ ಅನ್ಲಿಲ್ಲ. ಸೆರಗನ್ನ ಬಾಯಿಗೆ ಒತ್ತಿಕೊಂಡು ಬಾಗಿಲು ಮುಚ್ಚಿದ್ರು. ಸದ್ದಾಗದ ಹಾಗೆ ಮುಚ್ಚಿದ್ರು ಚಿಕ್ಕಪ್ಪ. ಬೈಸಿಕೊಂಡೋರು ಧಡ್ ಅಂತ ಹಾಕ್ಬೇಕಲ್ವಾ? ಒಳಗೆ ಮಲಗಿರೋರಿಗೆ ತೊಂದರೆ ಆಗಬಾರ್ದು ಅಂತ ಮೆಲ್ಲಗೆ ಎಳೆದುಕೊಂಡ್ರು.

ಉಪದೇಶಿ: ಫಾದರ್ ಹತ್ರ ಹೇಳ್ಕೊಂಡ್ಯಾ?

ನರ್ಸ್: ಪಾಪನಿವೇದನೆ ಮಾಡ್ದೆ. ಕೋಪ ಮಾಡ್ಕೊಂಡೆ ಅಂತ ಹೇಳ್ದೆ. ಕ್ಷಮೆ ಸಿಕ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ‘ಕೋಪ ಮಾಡ್ಕೊಂಡೆ’ ಅನ್ನೋ ಎರಡು ಪದದಲ್ಲಿ ನಾನು ಏನನ್ನೂ ನೋಡೇ ಇಲ್ಲ ಅನ್ಸಿತು. ಮುಂದಿನ ವಾರ ಅಂಥದ್ದೇ ರಾತ್ರಿ ಬಂದ್ರೆ ಮತ್ತೆ ಹಾಗೇ ಆಡ್ತೀನಿ.

ಉಪದೇಶಿ: ಕೋಪ ಎರಡೂವರೆಗೆ ಬಂತು ಅನ್ನೋದು ನಿನ್ನ ಲೆಕ್ಕ. ಸ್ವಲ್ಪ ಹಿಂದಕ್ಕೆ ನಡಿ. ಎರಡು ಗಂಟೆಗೆ ಏನು ಮಾಡ್ತಿದ್ದೆ?

ನರ್ಸ್: ಚಾರ್ಟ್ ಬರೀತಿದ್ದೆ. ಬರೀತಾ ಮನಸ್ಸಲ್ಲೇ ಮಾತಾಡ್ತಿದ್ದೆ.

ಉಪದೇಶಿ: ಯಾರ ಜೊತೆ?

ನರ್ಸ್: ಇನ್‌ಚಾರ್ಜ್ ಸಿಸ್ಟರ್ ಜೊತೆ. ರಾತ್ರಿ ಎಂಟಕ್ಕೆ ಹ್ಯಾಂಡ್‌ಓವರ್ ತಗೊಳ್ಳುವಾಗ ಎಲ್ಲರ ಮುಂದೆ ಅಂದಿದ್ರು, ಹಿಂದಿನ ದಿನ ಒಂದು ಎಂಟ್ರಿ ಬಿಟ್ಟಿದ್ದೀಯ, ಹಳ್ಳಿಯಿಂದ ಬಂದೋರಿಗೆ ಎಷ್ಟು ಕಲಿಸಿದ್ರೂ ಇಷ್ಟೇ ಅಂತ. ಬಿಟ್ಟಿದ್ದು ನಾನಲ್ಲ. ಆಗ ಬಾಯಿ ಬರಲಿಲ್ಲ. ಆಮೇಲೆ ರಾತ್ರಿಯೆಲ್ಲ ಮನಸ್ಸಲ್ಲಿ ಉತ್ತರ ಕೊಡ್ತಾನೇ ಇದ್ದೆ. ಒಂದಕ್ಕಿಂತ ಒಂದು ಚೆನ್ನಾಗಿರೋ ಉತ್ತರ. ಡ್ರಿಪ್ ಬದಲಾಯಿಸ್ತಾ, ಕೈ ತೊಳೀತಾ, ಅದೇ. ನಿಜ ಹೇಳ್ಬೇಕು ಅಂದ್ರೆ ಅದರಲ್ಲಿ ಒಂಥರಾ ಸುಖ ಇತ್ತು.

ಉಪದೇಶಿ: ಎಂಟರಿಂದ ಎರಡೂವರೆ. ಆರೂವರೆ ಗಂಟೆ ಕೋಪಕ್ಕೆ ಊಟ ಹಾಕಿದ್ದೀಯ. ಆ ತಾಯಿ ಬಾಗಿಲು ತೆಗೆದ ಹೊತ್ತಿಗೆ ಅದು ಕೊಬ್ಬಿತ್ತು. ಅವರಿಗೂ ಅದಕ್ಕೂ ಸಂಬಂಧವೇ ಇಲ್ಲ ನೋಡು. ಎದುರಿಗೆ ಸಿಕ್ಕಿದ್ದು ಅವರು, ಅಷ್ಟೇ.

ನರ್ಸ್: ಅದನ್ನ ಈಗ ನೀವು ಕೇಳಿದ್ಮೇಲೆ ಕಾಣ್ತಿದೆ. ಅಲ್ಲೇ ಯಾಕೆ ಕಾಣ್ಲಿಲ್ಲ?

ಉಪದೇಶಿ: ಆ ಹುಣಸೆಮರ ಕಾಣುತ್ತಲ್ಲ, ನಿಮ್ಮ ತಾತ ಅದರ ಮೇಲೆ ಅಟ್ಟಣೆ ಕಟ್ಟಿದ್ರು. ರಾಗಿ ತೆನೆ ತುಂಬಿದಾಗಿನಿಂದ ಕಣ ಆಗೋವರೆಗೂ ರಾತ್ರಿ ಕಾವಲು. ನನಗೆ ಹದಿನಾಲ್ಕೋ ಹದಿನೈದೋ. ಒಂದು ಕಂಬಳಿ, ಒಂದು ಟಾರ್ಚು, ಒಂದು ಹಳೇ ತಗಡಿನ ಡಬ್ಬ. ಪೇಟೆಯವರು ಅಂದ್ಕೋತಾರೆ, ಆನೆ ಬಂದ್ರೆ ನೆಲ ಅದುರುತ್ತೆ, ಗೊತ್ತಾಗೇ ಆಗುತ್ತೆ ಅಂತ. ಇಲ್ಲಮ್ಮ. ಹತ್ತಿ ಮೂಟೆ ಇಟ್ಟ ಹಾಗೆ ಕಾಲಿಡುತ್ತೆ. ಮೊದಲು ಗೊತ್ತಾಗೋದು ಸದ್ದಿನಿಂದಲ್ಲ, ಸದ್ದು ನಿಲ್ಲೋದ್ರಿಂದ. ಕಾಡಂಚಿನ ಒಂದು ಮೂಲೇಲಿ ಜೀರುಂಡೆ ಸುಮ್ಮನಾಗುತ್ತೆ. ಆಮೇಲೆ ಕೆಳಗೆ ಮಲಗಿರೋ ನಾಯಿ ಬೊಗಳಲ್ಲ, ಗಂಟಲೊಳಗೇ ಗುರ್ ಅನ್ನುತ್ತೆ. ಆಗ ಡಬ್ಬ ಬಡೀಬೇಕು, ಕೂಗಬೇಕು, ಟಾರ್ಚ್ ಬಿಡಬೇಕು. ಆಗ ಮಾಡಿದ್ರೆ ಬಹಳ ಸಲ ತಿರುಗಿ ಹೋಗುತ್ತೆ. ತೆನೆ ಬಾಯಿಗೆ ಬಿತ್ತು ಅಂದ್ರೆ ಮುಗೀತು. ಆಮೇಲೆ ನೀನು ಪಟಾಕಿ ಹಚ್ಚು, ಊರೆಲ್ಲ ಸೇರಿಸು, ಅದು ತಿಂದು ತುಳಿದು ಹೋಗೋದೇ. ತಾತ ಹೇಳ್ತಿದ್ರು, ಆನೆಯನ್ನ ಅಂಚಲ್ಲಿ ಓಡಿಸೋಕೆ ಒಬ್ಬ ಹುಡುಗ ಸಾಕು, ಹೊಲದ ನಡುವಿಂದ ಓಡಿಸೋಕೆ ನೂರು ಆಳು ಸಾಲದು ಅಂತ.

ನರ್ಸ್: ಎಂಟು ಗಂಟೆಗೆ ಆ ಮಾತು ಮನಸ್ಸಿಗೆ ಬಂದಾಗ ಅದು ಅಂಚಲ್ಲಿತ್ತು.

ಉಪದೇಶಿ: ಹ್ಞೂ. ಆಗ ಜೀರುಂಡೆ ನಿಂತಿತ್ತು. ನೀನು ಕೇಳಿಸ್ಕೊಳ್ಲಿಲ್ಲ. ಇದನ್ನ ನಮಗಿಂತ ಮೊದಲೇ ಕಂಡುಕೊಂಡೋರು ಈಜಿಪ್ಟಿನ ಮರುಭೂಮಿಯ ತಪಸ್ವಿಗಳು. ಎವಾಗ್ರಿಯುಸ್ ಅಂತ ಒಬ್ಬರಿದ್ರು, ತೀರಿಕೊಂಡಿದ್ದು 399ರಲ್ಲಿ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೊಡ್ಡ ವಿದ್ವಾಂಸ, ಡೀಕನ್. ಅಲ್ಲಿ ಒಬ್ಬ ಅಧಿಕಾರಿಯ ಹೆಂಡತಿ ಮೇಲೆ ಮನಸ್ಸು ಹೋಯ್ತು. ಊರು ಬಿಟ್ಟು ಜೆರುಸಲೇಮಿಗೆ, ಅಲ್ಲಿಂದ ಮರುಭೂಮಿಗೆ ಬಂದು ಕೊನೇವರೆಗೂ ಗುಡಿಸಲಲ್ಲಿದ್ರು. ತನ್ನ ಮನಸ್ಸಿನಿಂದಲೇ ಪೆಟ್ಟು ತಿಂದ ಮನುಷ್ಯ, ಅದಕ್ಕೇ ಅದನ್ನ ಅಷ್ಟು ಹತ್ತಿರದಿಂದ ನೋಡಿ ಬರೆದ್ರು. ಮನುಷ್ಯನ ಒಳಗೆ ನುಗ್ಗೋ ಯೋಚನೆಗಳು ಮುಖ್ಯವಾಗಿ ಎಂಟು ಅಂದ್ರು. ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಆಸೆ, ಗರ್ವ.

ನರ್ಸ್: ಧರ್ಮೋಪದೇಶದಲ್ಲಿ ನೀವೇ ನಮಗೆ ಏಳು ಮೂಲಪಾಪ ಅಂತ ಬಾಯಿಪಾಠ ಮಾಡ್ಸಿದ್ರಿ.

ಉಪದೇಶಿ: ಅದರ ಬೇರೂ ಇದೇ. ಕಾಸಿಯಾನ್ ಅನ್ನೋ ಸನ್ಯಾಸಿ ಈ ಎಂಟನ್ನ ಈಜಿಪ್ಟಿನಿಂದ ಮಾರ್ಸೇಲ್ಸಿಗೆ ಒಯ್ದ್ರು, ಆರನೇ ಶತಮಾನದ ಕೊನೇಲಿ ಪೋಪ್ ಗ್ರೆಗೊರಿ ತಿದ್ದಿ ಏಳು ಮಾಡಿದ್ರು. ಹಾಗೆ ಆಗುವಾಗ ಒಂದು ದೊಡ್ಡ ವಿಷಯ ಕೈಬಿಟ್ಟು ಹೋಯ್ತು ಅಂತ ನನಗೆ ಅನ್ಸುತ್ತೆ. ಎವಾಗ್ರಿಯುಸ್ ಅವನ್ನ ಪಾಪ ಅನ್ನಲಿಲ್ಲ, ಯೋಚನೆ ಅಂದ್ರು. ಅವು ಬರೋದು ಬಿಡೋದು ನಮ್ಮ ಕೈಲಿಲ್ಲ, ಬಂದಿದ್ದು ಉಳಕೊಳ್ಳೋದು ನಮ್ಮ ಕೈಲಿದೆ ಅನ್ನೋದು ಅವರ ಪಾಠ. ನಾನು ಮೂವತ್ತು ವರ್ಷ ಮಕ್ಕಳಿಗೆ ಏಳರ ಪಟ್ಟಿ ಹೇಳಿಕೊಟ್ಟೆ. ಈ ಒಂದು ಮಾತು ಹೇಳಿಕೊಡಲಿಲ್ಲ. ಅದು ನನ್ನನ್ನ ಈಗಲೂ ಚುಚ್ಚುತ್ತೆ.

ನರ್ಸ್: ಹಾಗಾದ್ರೆ ಎಂಟು ಗಂಟೆಗೆ ಕೋಪ ಬಂದದ್ದು ನನ್ನ ತಪ್ಪಲ್ವಾ?

ಉಪದೇಶಿ: ಎಲ್ಲರ ಮುಂದೆ ಅವಮಾನ ಮಾಡಿದ್ರೆ ಕೋಪ ಬರದೆ ಏನು ಬರುತ್ತೆ? ಎವಾಗ್ರಿಯುಸ್ ಆದ ಮೇಲೆ ಸೀನಾಯಿ ಬೆಟ್ಟದ ಮಠದಲ್ಲಿ ಯೊವಾನ್ನ ಕ್ಲಿಮಾಕುಸ್ ಅಂತ ಏಳನೇ ಶತಮಾನದಲ್ಲಿ ಒಬ್ಬರು ಮಠಾಧಿಪತಿ ಇದ್ರು. ಸ್ವರ್ಗಕ್ಕೆ ಮೂವತ್ತು ಮೆಟ್ಟಿಲಿನ ಏಣಿ ಅಂತ ಪುಸ್ತಕ ಬರೆದೋರು. ಅವರು ಇದನ್ನ ಇನ್ನೂ ಬಿಡಿಸಿ ಇಟ್ರು. ಮೊದಲು ಯೋಚನೆ ಬಂದು ಬಾಗಿಲು ತಟ್ಟುತ್ತೆ. ಆಮೇಲೆ ಅದರ ಜೊತೆ ಮಾತಿಗಿಳೀತೀವಿ. ಆಮೇಲೆ ಒಪ್ಪಿಕೊಳ್ತೀವಿ, ಸೆರೆ ಸಿಕ್ತೀವಿ, ಕೊನೆಗೆ ಅದು ನಮ್ಮ ಸ್ವಭಾವವೇ ಆಗಿಬಿಡುತ್ತೆ. ಬಾಗಿಲು ತಟ್ಟಿದ್ದರಲ್ಲಿ ನಮ್ಮ ಪಾಪ ಏನೂ ಇಲ್ಲ ಅಂತ ಅವರು ಸ್ಪಷ್ಟವಾಗಿ ಹೇಳಿದಾರೆ. ನೀನು ಚಾಪೆ ಹಾಕಿ ಕೂರಿಸಿ ಆರೂವರೆ ಗಂಟೆ ಮಾತಾಡಿದ್ದೀಯ.

ನರ್ಸ್: ಸರಿ. ಅಂಚಲ್ಲೇ ಕಂಡೆ ಅಂತಿಟ್ಕೊಳ್ಳಿ. ಆಗ ಏನು ಮಾಡ್ಬೇಕು? ಕೋಪ ಮಾಡ್ಕೋಬೇಡ ಅಂತ ನನಗೆ ನಾನೇ ಹೇಳ್ಕೊಂಡ್ರೆ ಕೋಪ ಇನ್ನೂ ಜಾಸ್ತಿ ಆಗುತ್ತೆ.

ಉಪದೇಶಿ: ಆಗುತ್ತೆ. ಆನೆ ಜೊತೆ ಕುಸ್ತಿಗೆ ಇಳಿದ ಹಾಗೆ ಅದು. ಬಂದಿದೆ ಅಂತ ಹೆಸರು ಹಿಡಿದು ಹೇಳು, ಅಷ್ಟೇ. ‘ಅವಮಾನ ಆಗಿದೆ, ಉರೀತಿದೆ’ ಅಂತ. ಹೇಳೋದು ಗೋಡೆಗಲ್ಲ, ಯೇಸುಸ್ವಾಮಿಗೆ. ಪೂರ್ವದ ಕಡೆಯ ಸನ್ಯಾಸಿಗಳು ದೇವಾಲಯದಲ್ಲಿ ದೂರ ನಿಂತು ‘ಪಾಪಿಯಾದ ನನ್ನ ಮೇಲೆ ಕರುಣೆ ಇಡು’ ಅಂದ ಸುಂಕದವನ ಮೊರೆಗೆ ಯೇಸುವಿನ ಹೆಸರು ಸೇರಿಸಿ ಒಂದು ಉಸಿರಿನ ಪ್ರಾರ್ಥನೆ ಮಾಡ್ಕೊಂಡ್ರು. ಅದು ಜಪಮಾಲೆಯಷ್ಟು ಹೊತ್ತು ಬೇಡೋದಿಲ್ಲ. ಕೈ ತೊಳೆಯೋ ಹೊತ್ತು ಸಾಕು. ನೀನು ಒಂದು ರಾತ್ರಿಗೆ ಎಷ್ಟು ಸಲ ಕೈ ತೊಳೀತೀಯ?

ನರ್ಸ್: ಲೆಕ್ಕ ಇಟ್ಟಿಲ್ಲ. ಪ್ರತಿ ರೋಗಿಯನ್ನ ಮುಟ್ಟೋ ಮುಂಚೆ, ಮುಟ್ಟಿದ ಮೇಲೆ. ಐವತ್ತು ಸಲ ಆದ್ರೂ ಇರುತ್ತೆ.

ಉಪದೇಶಿ: ಐವತ್ತು ಸಲ ಅಂಚು ನೋಡಿ ಬರಬಹುದು.

ನರ್ಸ್: ಕೇಳೋಕೆ ಚೆನ್ನಾಗಿದೆ ಚಿಕ್ಕಪ್ಪ. ಆದ್ರೆ ನನಗೊಂದು ಹೆದರಿಕೆ. ನಮ್ಮ ಜೊತೆ ಒಬ್ಬಳು ಹುಡುಗಿ ಇದ್ಲು, ತುಂಬ ಭಕ್ತೆ. ಪ್ರತಿ ಯೋಚನೆಗೂ ಇದು ಪಾಪವಾ ಅಂತ ಕೊರಗೋಳು. ಡೋಸ್ ಕೊಟ್ಟು ಬಂದು ಕೊಟ್ನೋ ಇಲ್ವೋ ಅಂತ ಮತ್ತೆ ಹೋಗಿ ನೋಡೋಳು. ನಿದ್ದೆ ಬಿಟ್ಲು, ಊಟ ಬಿಟ್ಲು, ಕೊನೆಗೆ ಕೆಲಸಾನೇ ಬಿಟ್ಲು. ಎಚ್ಚರ ಅಂದ್ರೆ ಅದಾ?

ಉಪದೇಶಿ: ಅಲ್ಲ. ಮನೆಯವರನ್ನೂ ಬೊಗಳೋ ನಾಯಿ ಕಾವಲಿಗೆ ಆಗಲ್ಲ. ಸಂತ ಇಗ್ನಾಸಿಯವರಿಗೂ ಇದೇ ಆಗಿತ್ತು, 1522ರಲ್ಲಿ, ಮಾನ್ರೇಸಾ ಅನ್ನೋ ಊರಲ್ಲಿ. ಮಾಡಿದ ಪಾಪನಿವೇದನೆಯನ್ನೇ ಮತ್ತೆ ಮತ್ತೆ ಮಾಡೋರು, ಏನೋ ಬಿಟ್ಟೆ ಅಂತ. ಸಾಯೋಣ ಅನ್ನಿಸೋವರೆಗೂ ಹೋಯ್ತು. ಅದು ದೇವರಿಂದ ಬಂದದ್ದಲ್ಲ ಅಂತ ಅರ್ಥ ಆದ ದಿನ ಹಳೇ ಪಾಪಗಳನ್ನ ಕೆದಕೋದು ನಿಲ್ಲಿಸಿದ್ರು. ನನಗೂ ಇಪ್ಪತ್ತರ ವಯಸ್ಸಲ್ಲಿ ಒಂದೆರಡು ವರ್ಷ ಹಾಗಾಗಿತ್ತು. ಆ ಹುಡುಗಿಯ ಸಂಕಟ ನನಗೆ ಗೊತ್ತು. ಅವಳನ್ನ ಡಾಕ್ಟರಿಗೂ ತೋರಿಸಬೇಕಿತ್ತು.

ನರ್ಸ್: ಒಂದು ಹೇಳ್ಲಾ? ನಮ್ಮ ಮಾನಿಟರ್‌ಗೆ ಅಲಾರಂ ಮಿತಿ ಅಂತ ಇಡ್ತೀವಿ. ಆಮ್ಲಜನಕ ತೊಂಬತ್ತಕ್ಕಿಂತ ಕೆಳಗೆ ಹೋದ್ರೆ ಕೂಗು ಅಂತ. ಯಾರೋ ಹೆದರಿಕೊಂಡು ಅದನ್ನ ತೊಂಬತ್ತೇಳಕ್ಕೆ ಇಟ್ರೆ, ರೋಗಿ ಮಗ್ಗುಲಾದ್ರೂ ಕೂಗುತ್ತೆ, ಬೆರಳಿನ ಕ್ಲಿಪ್ ಜಾರಿದ್ರೂ ಕೂಗುತ್ತೆ. ಗಂಟೆಗೆ ಇಪ್ಪತ್ತು ಸಲ. ಆಮೇಲೆ ಏನಾಗುತ್ತೆ ಗೊತ್ತಾ? ಯಾರೂ ತಲೆ ಎತ್ತಿ ನೋಡಲ್ಲ. ಕೈ ತಾನಾಗೇ ಹೋಗಿ ಸೈಲೆನ್ಸ್ ಬಟನ್ ಒತ್ತುತ್ತೆ. ನಿಜವಾಗಿ ಉಸಿರು ಇಳಿದಾಗಲೂ ಒತ್ತುತ್ತೆ. ಆ ಹುಡುಗಿಗೆ ಮಿತಿ ಬಿಗಿಯಾಗಿತ್ತು. ನನಗೆ ಬಟನ್ ಒತ್ತೋದು ಅಭ್ಯಾಸ ಆಗಿತ್ತು.

ಉಪದೇಶಿ: ಇದನ್ನ ನಾಳೆ ಫಾದರ್‌ಗೆ ಹೇಳಮ್ಮ, ಪ್ರಸಂಗದಲ್ಲಿ ಹೇಳ್ಲಿ. ನನಗೆ ಇಷ್ಟು ಚೆನ್ನಾಗಿ ಹೇಳೋಕೆ ಬರ್ತಿರಲಿಲ್ಲ. ಒಳ್ಳೇ ನರ್ಸ್ ಆ ಮಿತಿಯನ್ನ ಹೇಗೆ ಇಡ್ತಾಳೆ?

ನರ್ಸ್: ರೋಗಿಯನ್ನ ನೋಡಿ. ಒಬ್ಬೊಬ್ಬರಿಗೆ ಒಂದೊಂದು. ಹಳೇ ಶ್ವಾಸಕೋಶದ ಕಾಯಿಲೆಯವರಿಗೆ ಎಂಬತ್ತೆಂಟೂ ಸರಿ ಇರುತ್ತೆ.

ಉಪದೇಶಿ: ಹಾಗೇ ನಿನಗೆ ಯಾವ ಮೂಲೆಯಿಂದ ಆನೆ ಬರುತ್ತೆ ಅಂತ ನಿನಗೆ ಗೊತ್ತಿರಬೇಕು. ಎಲ್ಲ ಕಡೆ ಒಂದೇ ಸಮ ಕಣ್ಣಿಡೋಕೆ ಯಾರಿಂದಲೂ ಆಗಲ್ಲ. ತಾತ ಇಡೀ ಹೊಲ ನೋಡ್ತಿರಲಿಲ್ಲ, ಹಳ್ಳದ ಕಡೆ ಮೂಲೆ ನೋಡೋರು. ಇಗ್ನಾಸಿಯವರು ಇದಕ್ಕೂ ಒಂದು ದಾರಿ ಇಟ್ಟಿದಾರೆ. ಒಂದೇ ಒಂದು ತಪ್ಪನ್ನ ಆರಿಸ್ಕೋ. ಅದು ಆದಾಗೆಲ್ಲ ಎದೆ ಮೇಲೆ ಕೈ ಇಡು, ಜನರ ನಡುವೆ ಇದ್ರೂ ಯಾರಿಗೂ ಗೊತ್ತಾಗಲ್ಲ. ಮಧ್ಯಾಹ್ನ ಒಂದ್ಸಲ, ರಾತ್ರಿ ಒಂದ್ಸಲ ಲೆಕ್ಕ ಹಾಕಿ ಗೆರೆ ಮೇಲೆ ಚುಕ್ಕೆ ಹಾಕು. ನಿನ್ನೆಗಿಂತ ಇವತ್ತು ಹೇಗೆ, ಹೋದ ವಾರಕ್ಕಿಂತ ಈ ವಾರ ಹೇಗೆ ಅಂತ ನೋಡು. 17ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಚಿನ್ನಮಿ ಅನ್ನೋ ಪಾದ್ರಿ ಇಗ್ನಾಸಿಯವರು ಕಟ್ಟಿದ ಯೇಸುಸಭೆಯವರೇ. ರಾತ್ರಿಯ ಆತ್ಮಶೋಧನೆ ಅವರ ಸಭೆಯವರು ಎಲ್ಲಿ ಹೋದ್ರೂ ಜೊತೇಲಿ ಒಯ್ದ ಅಭ್ಯಾಸ.

ನರ್ಸ್: ಆತ್ಮಶೋಧನೆ ಅಂದ್ರೆ ನನಗೆ ಚಿಕ್ಕಂದಿನಿಂದ ತಪ್ಪುಗಳ ಪಟ್ಟಿ.

ಉಪದೇಶಿ: ಇಗ್ನಾಸಿಯವರ ಕ್ರಮದಲ್ಲಿ ತಪ್ಪು ಮೊದಲು ಬರೋದೇ ಇಲ್ಲ. ಮೊದಲು ಕೃತಜ್ಞತೆ. ದೇವರು ಇವತ್ತು ಏನು ಕೊಟ್ರು ಅಂತ. ಎರಡನೇದು, ನೋಡೋಕೆ ಬೆಳಕು ಕೊಡಿ ಅಂತ ಬೇಡೋದು. ಗಂಟೆ ಗಂಟೆಯನ್ನ ಹಿಂದಕ್ಕೆ ನೋಡೋದು ಆಮೇಲೆ. ನನಗೆ ಅವರ ಕಥೇಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದಕ್ಕೂ ಮುಂಚಿನದು. 1521ರಲ್ಲಿ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರೀತು. ತಿಂಗಳುಗಟ್ಟಲೆ ಮಲಗಿದ್ದಲ್ಲೇ. ವೀರರ ಕಥೆ ಪುಸ್ತಕ ಕೇಳಿದ್ರೆ ಮನೇಲಿ ಇದ್ದದ್ದು ಕ್ರಿಸ್ತರ ಜೀವನ ಮತ್ತು ಸಂತರ ಕಥೆ. ಮಲಗಿ ಹಗಲುಗನಸು ಕಾಣೋರು. ಒಮ್ಮೆ ರಾಜಮನೆತನದ ಹೆಣ್ಣಿನ ಮೆಚ್ಚುಗೆಗೆ ಯುದ್ಧ ಗೆಲ್ಲೋ ಕನಸು, ಒಮ್ಮೆ ಸಂತರ ಹಾಗೆ ಬರಿಗಾಲಲ್ಲಿ ಜೆರುಸಲೇಮಿಗೆ ನಡೆಯೋ ಕನಸು. ಕಾಣುವಾಗ ಎರಡೂ ಸಿಹಿ. ಮುಗಿದ ಮೇಲೆ ಮೊದಲನೇದು ಬಾಯಿ ಒಣಗಿಸೋದು, ಎರಡನೇದು ಗಂಟೆಗಟ್ಟಲೆ ಸಮಾಧಾನ ಉಳಿಸೋದು. ಆ ವ್ಯತ್ಯಾಸ ಕಣ್ಣಿಗೆ ಬಿದ್ದ ದಿನ ಅವರ ಬದುಕು ತಿರುಗಿತು. ನೀನೇ ಹೇಳಿದೆಯಲ್ಲ, ಸಿಸ್ಟರ್‌ಗೆ ಮನಸ್ಸಲ್ಲಿ ಉತ್ತರ ಕೊಡೋದರಲ್ಲಿ ಸುಖ ಇತ್ತು ಅಂತ. ಬೆಳಿಗ್ಗೆ ಬಸ್ಸಲ್ಲಿ ಕೂತಾಗ ಆ ಸುಖ ಇತ್ತಾ?

ನರ್ಸ್: ಇರಲಿಲ್ಲ. ಬೂದಿ ತಿಂದ ಹಾಗಿತ್ತು. ಅದಕ್ಕೇ ರೂಮಿಗೆ ಹೋಗಿ ಮಲಗದೆ ಹನ್ನೊಂದರವರೆಗೂ ಮೊಬೈಲ್ ತಿರುವಿದೆ. ಯಾರ್ಯಾರದೋ ಮದುವೆ, ಯಾರ್ಯಾರದೋ ಜಗಳ. ಒಂದೂ ನೆನಪಿಲ್ಲ.

ಉಪದೇಶಿ: ತಾತ ಕುಡಿದೋರನ್ನ ಅಟ್ಟಣೆ ಹತ್ತಿಸ್ತಿರಲಿಲ್ಲ. ಎಷ್ಟೇ ನೆಂಟರಾಗ್ಲಿ. ಗ್ರೀಕ್ ಭಾಷೇಲಿ ಈ ಎಚ್ಚರಕ್ಕೆ ಇರೋ ಪದ ನೆಪ್ಸಿಸ್. ಅದರ ಮೂಲ ಅರ್ಥ ಅಮಲು ಏರದೆ ಇರೋದು. 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಫಿಲೋಕಾಲಿಯ ಅನ್ನೋ ದೊಡ್ಡ ಸಂಗ್ರಹ ಇಡೀ ಈ ಪದದ ಸುತ್ತಲೇ ಇರೋದು. ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೃದಯ ಮಂಕಾಗೋಕೆ ಕಾರಣ ಹೇಳುವಾಗ ಕುಡಿತದ ಪಕ್ಕದಲ್ಲೇ ಇನ್ನೊಂದನ್ನ ಇಟ್ಟಿದಾರೆ, ಬದುಕಿನ ಚಿಂತೆ. ಚಿಂತೆಯೂ ಅಮಲೇ. ನೀನು ಕುಡಿಯಲ್ಲ ಅಂತ ನಿಶ್ಚಿಂತೆಯಾಗಿರೋಕೆ ಆಗಲ್ಲ.

ನರ್ಸ್: ಹಾಗಾದ್ರೆ ನಿದ್ದೆ? ನಾನು ಸುಸ್ತಾಗಿದ್ದೆ ಅನ್ನೋದೂ ನಿಜ ಅಲ್ವಾ?

ಉಪದೇಶಿ: ನಿಜ. ದೀಪ ಹಿಡಿದು ಮದುವಣಿಗನಿಗೆ ಕಾದ ಹತ್ತು ಕನ್ಯೆಯರ ಕಥೇಲಿ ಜಾಣೆಯರೂ ನಿದ್ದೆ ಮಾಡಿದ್ರು, ಓದಿ ನೋಡು, ಹತ್ತೂ ಜನ. ಅವರನ್ನ ಯಾರೂ ಬೈಲಿಲ್ಲ. ವ್ಯತ್ಯಾಸ ಇದ್ದದ್ದು ಎಣ್ಣೇಲಿ. ನೀನು ಮನೆಗೆ ಬಂದು ಮಲಗೋದು ಎಣ್ಣೆ ತುಂಬಿಸಿಕೊಂಡ ಹಾಗೆ, ಅದನ್ನ ಬಿಟ್ಟು ಮೊಬೈಲ್ ಹಿಡಿದದ್ದು ತಪ್ಪು. ಯೇಸುಸ್ವಾಮಿಯನ್ನ ಹಿಡಿದ ರಾತ್ರಿ ಗೆತ್ಸೆಮನಿ ತೋಪಿನಲ್ಲೂ ಶಿಷ್ಯರು ಮಲಗಿದ್ರು. ದುಃಖದಿಂದ ಮಲಗಿದ್ರು ಅಂತ ಲೂಕ ಬರೀತಾರೆ. ಎಷ್ಟು ಕರುಣೆ ಇರೋ ಮಾತು ಅದು. ಅದೇ ರಾತ್ರಿಯ ಬಗ್ಗೆ ಮತ್ತಾಯ ಇನ್ನೊಂದು ಸೇರಿಸ್ತಾರೆ. ಯೇಸುಸ್ವಾಮಿ ಕೇಳಿದ್ದು ಬರೀ ಎಚ್ಚರವಾಗಿರಿ ಅಂತಲ್ಲ, ತನ್ನ ಜೊತೆ ಎಚ್ಚರವಾಗಿರಿ ಅಂತ. ಕಳ್ಳ ಬರ್ತಾನೆ ಅಂತ ಕಾಯೋದು ಒಂದು. ಸಂಕಟದಲ್ಲಿರೋರ ಪಕ್ಕ ಕೂರೋದು ಇನ್ನೊಂದು. ನಾನು ಬಹಳ ವರ್ಷ ಮೊದಲನೇದನ್ನೇ ಎಚ್ಚರ ಅಂದ್ಕೊಂಡಿದ್ದೆ. ನಿಮ್ಮ ಚಿಕ್ಕಮ್ಮ ಕೊನೇ ದಿನಗಳಲ್ಲಿ ಮಲಗಿದ್ದಾಗ ನನಗೆ ಎರಡನೇದು ಗೊತ್ತಾಯ್ತು. ಆ ಇಪ್ಪತ್ತು ರಾತ್ರಿ ನಾನು ಎದ್ದಿರಬೇಕು ಅಂತ ಪ್ರಯತ್ನವೇ ಪಡಲಿಲ್ಲ. ಅವಳ ಉಸಿರು ಸ್ವಲ್ಪ ಬದಲಾದ್ರೂ ಕಣ್ಣು ತಾನಾಗಿ ಬಿಡೋದು.

ನರ್ಸ್: ನಾಲ್ಕನೇ ಬೆಡ್‌ನ ತಾಯಿ ಹಾಗೆ ಇದ್ದಾರೆ ಚಿಕ್ಕಪ್ಪ. ರಾತ್ರಿ ಪಂಪ್ ಬೀಪ್ ಅಂದ್ರೆ ನಮಗಿಂತ ಮೊದಲು ಅವರ ನೆರಳು ಬಾಗಿಲ ಗಾಜಿನ ಮೇಲೆ ಬೀಳುತ್ತೆ. ಅಷ್ಟು ಬೀಪ್‌ನಲ್ಲಿ ಯಾವುದು ನಾಲ್ಕನೇ ಬೆಡ್‌ದು ಅಂತ ಅವರಿಗೆ ಗೊತ್ತು. ಯಾರು ಹೇಳಿಕೊಟ್ರೋ.

ಉಪದೇಶಿ: ಆ ವಾರ್ಡಿನಲ್ಲಿ ಆ ರಾತ್ರಿ ಎಚ್ಚರವಾಗಿದ್ದೋರು ಅವರೊಬ್ಬರೇ ಇರಬೇಕು.

ನರ್ಸ್: ಅವರನ್ನೇ ನಾನು ಹೋಗಿ ಮಲ್ಕೊಳಿ ಅಂದೆ.

ಉಪದೇಶಿ: ಅವರ ಹೆಸರೇನಮ್ಮ? ಇವತ್ತು ರಾತ್ರಿ ಜಪಸರ ಹೇಳುವಾಗ ಸೇರಿಸ್ತೀನಿ.

ನರ್ಸ್: ಹೆಸರು...

ಉಪದೇಶಿ: ಮರೆತುಹೋಯ್ತಾ?

ನರ್ಸ್: ಕೇಳೇ ಇಲ್ಲ ಚಿಕ್ಕಪ್ಪ. ಹನ್ನೊಂದು ದಿನದಿಂದ ದಿನಾ ನೋಡ್ತಿದೀನಿ. ಫೈಲಲ್ಲಿ ಮಗನ ಹೆಸರಿದೆ, ವಯಸ್ಸಿದೆ, ರಕ್ತದ ಗುಂಪಿದೆ. ಅವರನ್ನ ನಾವು ‘ಬೆಡ್ ಫೋರ್ ಅಟೆಂಡರ್’ ಅಂತೀವಿ. ಯಾವ ಊರು ಅಂತಲೂ ಗೊತ್ತಿಲ್ಲ. ಊಟ ಮಾಡ್ತಾರೋ ಇಲ್ವೋ ಗೊತ್ತಿಲ್ಲ.

ಉಪದೇಶಿ: ಮತ್ತೆ ಡ್ಯೂಟಿ ಯಾವಾಗ?

ನರ್ಸ್: ಸೋಮವಾರ ರಾತ್ರಿ. ಎಂಟಕ್ಕೆ ಹ್ಯಾಂಡ್‌ಓವರ್. ಏಳೂವರೆಗೇ ಹೋಗ್ತೀನಿ, ಒಳಗೆ ಹೋಗೋ ಮುಂಚೆ ಅವರ ಹತ್ರ ಚಾಪೆ ಮೇಲೆ ಐದು ನಿಮಿಷ ಕೂರ್ತೀನಿ. ಮಾತು ಹೇಗೆ ಶುರು ಮಾಡೋದು ಅಂತ ಗೊತ್ತಿಲ್ಲ.

ಉಪದೇಶಿ: ಮನೇಲಿ ಹೊಸ ರಾಗಿ ಹಿಟ್ಟು ಬೀಸಿಟ್ಟಿದೆ. ನಾಳೆ ಪೂಜೆ ಮುಗಿಸಿ ಬಂದು ನಿಮ್ಮಮ್ಮನ ಕೈಲಿ ನಾಲ್ಕು ರೊಟ್ಟಿ ಜಾಸ್ತಿ ತಟ್ಟಿಸು. ತಗೊಂಡು ಹೋಗು.